ಟ್ಯೂಬ್ ತೆಗೆಯುವಾಗಿನ ಕೆಮ್ಮು: ಕಫ್‌ಗೆ ಲಿಗ್ನೋಕೇನ್ ತುಂಬಿದ ನನ್ನ ಅನುಭವ

ಆಪರೇಷನ್ ಮುಗಿದು ಶ್ವಾಸನಾಳದ ಟ್ಯೂಬ್ ತೆಗೆಯುವಾಗ ರೋಗಿ ಕೆಮ್ಮುತ್ತಾರೆ, ಬಿಪಿ ಏರುತ್ತೆ. ಅದನ್ನ ತಡೆಯೋಕೆ ಟ್ಯೂಬ್‌ನ ಕಫ್‌ಗೆ (ಶ್ವಾಸನಾಳದೊಳಗೆ ಉಬ್ಬಿ ಲೀಕ್ ತಡೆಯುವ ಬಲೂನ್) ಗಾಳಿ ಬದಲು ಮರಗಟ್ಟಿಸುವ ಔಷಧಿ ಲಿಗ್ನೋಕೇನ್ ತುಂಬುತ್ತೇನೆ ಅಂದಾಗ ನಮ್ಮೂರಿನ ಹಿರಿಯ ಅನೆಸ್ಥೆಟಿಸ್ಟ್ (ಅರಿವಳಿಕೆ ವೈದ್ಯರು) ಒಬ್ಬರು ನಕ್ಕಿದ್ದರು. "ಪ್ಲಾಸ್ಟಿಕ್ ದಾಟಿ ಔಷಧಿ ಹೊರಗೆ ಬರುತ್ತೇನ್ರೀ?" ಬರುತ್ತೆ. ಈಗ ಥೈರಾಯ್ಡ್, ಸೈನಸ್ ಕೇಸ್ ಇದ್ದರೆ ಸರ್ಜನ್‌ಗಳೇ "ಡಾಕ್ಟ್ರೇ, ಆ ನೀರಿನ ಕಫ್ ಹಾಕಿ" ಅಂತಾರೆ.

ಇದಕ್ಕೂ ಮುಂಚೆ ಎಲ್ಲ ಮಾಡಿ ನೋಡಿದ್ದೆ. ರೋಗಿ ಡೀಪ್ ಇದ್ದಾಗಲೇ, ಅಂದರೆ ಗಾಢ ಅರಿವಳಿಕೆಯಲ್ಲಿದ್ದಾಗಲೇ, ಟ್ಯೂಬ್ ತೆಗೆದರೆ ಕೆಮ್ಮೇನೋ ಇರಲ್ಲ. ಆಮೇಲೆ ಗಂಟಲು ಬಿಗಿದುಕೊಂಡರೆ ನೋಡೋರು ಯಾರು? ರಿಕವರಿಗೆ ಒಬ್ಬರೇ ಸಿಸ್ಟರ್ ಇರುವ ನರ್ಸಿಂಗ್ ಹೋಂನಲ್ಲಿ ಅದು ಆಗದ ಮಾತು. ಐವಿ (ರಕ್ತನಾಳಕ್ಕೆ ಕೊಡುವ) ಲಿಗ್ನೋಕೇನ್, ಕೆಜಿಗೆ 1.5 ಮಿಗ್ರಾಂ, ಕೆಲಸ ಮಾಡುತ್ತೆ, ಆದರೆ ಟೈಮಿಂಗ್ ಸಿಗಬೇಕು. ಡ್ರೆಸ್ಸಿಂಗ್ ಸ್ವಲ್ಪ ತಡವಾದರೆ ಔಷಧಿ ಇಳಿದು ಕಥೆ ಮುಗೀತು.

ಆಮೇಲೆ ಮಂಪರಿನ ಔಷಧಿ ಡೆಕ್ಸ್‌ಮೆಡಿಟೊಮಿಡಿನ್, ಕೆಜಿಗೆ 0.5 ಮೈಕ್ರೋಗ್ರಾಂ, ಕೊನೆಗೆ 10 ನಿಮಿಷದಲ್ಲಿ ನಿಧಾನವಾಗಿ. ಬಿಪಿ, ಪಲ್ಸ್ ಎರಡೂ ಚೆನ್ನಾಗಿ ನಿಲ್ಲುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ರೋಗಿಗಳು ಕಣ್ಣು ಬಿಡೋಕೆ ಕಾಲು ಗಂಟೆ ಜಾಸ್ತಿ ತಗೊಳ್ತಿದ್ದರು. ಪಲ್ಸ್ 45ಕ್ಕೆ ಇಳಿದಾಗ ನನ್ನ ಎದೆ ಹೊಡ್ಕೊಳ್ಳುತ್ತಿತ್ತು. ಬಿಲ್ ಬೇರೆ. ಒಂದು ಕಡೆಯಂತೂ ಆಂಪೂಲ್ ದುಡ್ಡನ್ನ ನನ್ನ ಫೀಸ್‌ನಲ್ಲೇ ಹಿಡಿದುಕೊಂಡರು. ನನ್ನ ಕಫ್‌ನ ಖರ್ಚು ಹೆಚ್ಚೆಂದರೆ ಒಂದು ಕಾಫಿ ದುಡ್ಡು.

2% ಲಿಗ್ನೋಕೇನ್ 2 ಮಿಲಿ, ಸ್ವಲ್ಪ ಸೋಡಾ ಬೈಕಾರ್ಬ್ (ಸೋಡಿಯಂ ಬೈಕಾರ್ಬನೇಟ್), ಲೀಕ್ ನಿಲ್ಲುವಷ್ಟು ಸಲೈನ್ (ಉಪ್ಪುನೀರು). ಅಷ್ಟೇ. ಸೋಡಾ ಇಲ್ಲದಿದ್ದರೆ ಔಷಧಿ ಪ್ಲಾಸ್ಟಿಕ್ ದಾಟೋದೇ ಕಷ್ಟ. ಹಾಗಂತ ಧಾರಾಳವಾಗಿ ಸುರಿಯಬೇಡಿ, ಕಫ್ ಒಡೆದರೆ ಶ್ವಾಸನಾಳಕ್ಕೆ ಪೆಟ್ಟು. ಸಿರಿಂಜ್‌ನಲ್ಲೇ ಹಾಲಿನಂತೆ ಬೆಳ್ಳಗಾದರೆ ಬಿಸಾಕಿ. ನನ್ನ ಸೋಡಾ ಅಳತೆ, ಬೆರೆಸುವ ಕ್ರಮ ಇಲ್ಲಿ ಬರೆಯಲ್ಲ. ಓಟಿಗೆ ಬಂದರೆ ತೋರಿಸ್ತೀನಿ.

ಮೊದಲು ಕಫ್‌ನಲ್ಲಿರುವ ಗಾಳಿಯನ್ನ ಪೂರ್ತಿ ಎಳೆಯಬೇಕು. ಗುಳ್ಳೆ ಉಳಿದರೆ ಅರಿವಳಿಕೆಗೆ ಕೊಡುವ ನೈಟ್ರಸ್ ಅನಿಲ ಅದನ್ನ ಊದಿಸುತ್ತೆ. ನೀರು ತುಂಬಿದ ಕಫ್‌ಗೆ ಮಾಮೂಲಿ ಪ್ರೆಷರ್ ಗೇಜ್ ನಂಬಬೇಡಿ. ತೆಗೆಯುವಾಗ ನೀರು ಗಾಳಿಯಷ್ಟು ಬೇಗ ಬರಲ್ಲ. ಸಿರಿಂಜ್ ನಿಧಾನವಾಗಿ ಎಳೆದು, ಪೈಲಟ್ ಬಲೂನ್ (ಕಫ್‌ಗೆ ಜೋಡಿಸಿದ, ಹೊರಗೆ ಕಾಣುವ ಪುಟ್ಟ ಬಲೂನ್) ಪೂರ್ತಿ ಚಪ್ಪಟೆ ಆದಮೇಲೇ ಟ್ಯೂಬ್‌ಗೆ ಕೈ ಹಾಕಿ. ಗಂಟಲಿನ ಸಕ್ಷನ್ ಎಲ್ಲ ಡೀಪ್ ಇದ್ದಾಗಲೇ ಮುಗಿಸಿಬಿಡಿ.

ಆ ಹಿರಿಯರಿಗೆ ತೋರಿಸೋಕೆ ಅಂತಲೇ ಒಂದು ಆಟ ಆಡಿದೆ. ಎರಡು ಹೊಸ ಟ್ಯೂಬ್. ಒಂದರ ಕಫ್‌ಗೆ ಬರೀ ಲಿಗ್ನೋಕೇನ್, ಇನ್ನೊಂದಕ್ಕೆ ಸೋಡಾ ಬೆರೆಸಿದ್ದು. ಎರಡನ್ನೂ ತೊಳೆದು, ಒಂದೊಂದು ಚಮಚ ಸಲೈನ್ ಇರುವ ಸಣ್ಣ ಕಪ್‌ಗಳಲ್ಲಿ ಮಧ್ಯಾಹ್ನದ ತನಕ ಮುಳುಗಿಸಿಟ್ಟೆ. ಮೊದಲನೇ ಕಪ್‌ನ ನೀರನ್ನ ನಾಲಿಗೆಗೆ ಮುಟ್ಟಿಸಿದರೆ ಬರೀ ಉಪ್ಪು. ಎರಡನೆಯದು ಕಹಿ, ಸ್ವಲ್ಪ ಹೊತ್ತಿಗೆ ನಾಲಿಗೆ ತುದಿ ಜೋಮು. ಅವರು ಏನೂ ಹೇಳಲಿಲ್ಲ. ಮುಂದಿನ ವಾರ ಅವರ ಟ್ರೇನಲ್ಲಿ ಸೋಡಾ ಆಂಪೂಲ್ ಇತ್ತು! ಟ್ಯೂಬ್‌ಗೆ ಲಿಗ್ನೋಕೇನ್ ಜೆಲ್ಲಿ ಬಳಿದೂ ನೋಡಿದ್ದೆ. ಅದರಿಂದ ಗಂಟಲು ನೋವು ಜಾಸ್ತಿ ಆದ ಹಾಗೆ ಕಂಡಿತು, ಬಿಟ್ಟೆ.

ಔಷಧಿ ಹೊರಗೆ ಬರೋಕೆ ಹೊತ್ತು ಬೇಕು. ಒಂದೂವರೆ ಗಂಟೆಗಿಂತ ಚಿಕ್ಕ ಕೇಸ್‌ಗೆ ಸುಮ್ನೆ ದಂಡ, ಅಲ್ಲಿ ಐವಿನೇ ಸರಿ. ಟ್ಯೂಬ್ ತೆಗೆಯುವಾಗ ಮೊದಲು 190 ದಾಟುತ್ತಿದ್ದ ಮೇಲಿನ ಬಿಪಿ ಈಗ ನನ್ನ ದೊಡ್ಡ ಕೇಸ್‌ಗಳಲ್ಲಿ 150ರ ಆಸುಪಾಸು ನಿಲ್ಲುತ್ತೆ. ಮೊದಲೇ ಬಿಪಿ ಇರೋರಿಗೆ ಇದೊಂದೇ ಸಾಲದು, ಬಿಪಿ, ಪಲ್ಸ್ ಇಳಿಸುವ ಎಸ್ಮೊಲಾಲ್ ಕೈಯಲ್ಲಿರಲಿ. ನನ್ನ ಅನುಭವದಲ್ಲಿ ಬೀಡಿ ಸೇದೋರಲ್ಲಿ ಕೆಲವರು ಮಾತ್ರ ಇದಕ್ಕೂ ಬಗ್ಗಲಿಲ್ಲ, ಕೆಮ್ಮೇ ಕೆಮ್ಮಿದರು. ಅವರಿಗೆ ಹೊಲಿಗೆ ಹಾಕುವಾಗಲೇ ಸ್ವಲ್ಪ ಫೆಂಟನಿಲ್ (ಬಲವಾದ ನೋವಿನ ಔಷಧಿ) ಸೇರಿಸ್ತೀನಿ.