ಸೂಜಿಯಿಲ್ಲದ ಕಣ್ಣಿನ ಚಿಕಿತ್ಸೆ: ಅಕ್ಷರ ಎಣಿಸುವ ಕೆಲಸ

ವಯಸ್ಸಾದಂತೆ ಬರುವ ಮ್ಯಾಕ್ಯುಲಾ (ಅಕ್ಷಿಪಟದ ನಡುಭಾಗ) ಸವೆತದಲ್ಲಿ, ರಕ್ತನಾಳ ಸೋರುವ ಒದ್ದೆ ಬಗೆಗೆ ಕಣ್ಣಿನೊಳಗೆ 0.05 ಮಿ.ಲೀ. ಔಷಧಿ ಚುಚ್ಚುತ್ತೇವೆ. ಒಣ ಬಗೆಗೆ ಚುಚ್ಚದೆ ಕೊಡುವುದರಲ್ಲಿ ಬೆಳಕಿನ ಚಿಕಿತ್ಸೆ ಒಂದು: 590, 660, 850 ನ್ಯಾನೊಮೀಟರ್ ಬೆಳಕು, 3ರಿಂದ 5 ವಾರದೊಳಗೆ 9 ಸಲ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ನವೆಂಬರ್‌ನಲ್ಲಿ ಇದಕ್ಕೆ ಅನುಮತಿ ಕೊಟ್ಟಿತು. ಈ ಬೆಳಕನ್ನು ಪರೀಕ್ಷಿಸಿದ ಲೈಟ್‌ಸೈಟ್ 3 ಪರೀಕ್ಷೆಯಲ್ಲಿ 13 ತಿಂಗಳಿಗೆ ಚಿಕಿತ್ಸೆಯ ಕಣ್ಣುಗಳು ಚಾರ್ಟ್‌ನಲ್ಲಿ ಸರಾಸರಿ 5.4 ಅಕ್ಷರ ಹೆಚ್ಚು ಓದಿದವು. ಹೋಲಿಕೆಗಾಗಿ ತೋರಿಕೆಯ ಚಿಕಿತ್ಸೆ ಪಡೆದವೂ 3 ಅಕ್ಷರ ಹೆಚ್ಚು ಓದಿದವು! ಅಂದರೆ ನಿಜವಾದ ಅಂತರ ಎರಡು ಚಿಲ್ಲರೆ ಅಕ್ಷರ. ಅಳತೆಯಲ್ಲಿ ಸ್ವಲ್ಪ ಸಡಿಲಬಿಟ್ಟರೂ ಅದು ಕಳೆದುಹೋಗುತ್ತದೆ.

ಹಾಗಾಗಿ ನಾನು ಮೊದಲು ನೋಡುವುದು ಕುರ್ಚಿಯನ್ನು. ಇಂಥ ಪರೀಕ್ಷೆಗಳಲ್ಲಿ ಓದಿಸುವ ಅಕ್ಷರಫಲಕ, ಇಟಿಡಿಆರ್‌ಎಸ್ ಚಾರ್ಟ್, ಕಣ್ಣಿನಿಂದ 4 ಮೀಟರ್ ದೂರದಲ್ಲಿರಬೇಕು. ಓದುವವರು 40 ಸೆಂ.ಮೀ. ಮುಂದೆ ಬಾಗಿದರೆ ಎರಡು ಅಕ್ಷರ ಪುಕ್ಕಟೆ ಸಿಕ್ಕಂತೆ. ಬೆನ್ನು ಕುರ್ಚಿಗೆ ತಾಗಿಯೇ ಇರಲಿ. ಕನ್ನಡಕದ ನಂಬರನ್ನು ಪ್ರತಿ ಭೇಟಿಯಲ್ಲೂ ಹೊಸದಾಗಿ ತೆಗೆಯುತ್ತೇನೆ, ಹಳೆಯದನ್ನು ನಂಬುವುದಿಲ್ಲ. ಎಡಕ್ಕೊಂದು, ಬಲಕ್ಕೊಂದು, ನಂಬರ್ ತೆಗೆಯಲು ಇನ್ನೊಂದು ಚಾರ್ಟ್, ಇಲ್ಲದಿದ್ದರೆ ಬಾಯಿಪಾಠವಾಗುತ್ತದೆ. ಇನ್ನೊಂದು ಕಣ್ಣನ್ನು ಅಂಗೈಯಿಂದಲ್ಲ, ಪಟ್ಟಿಯಿಂದ ಮುಚ್ಚಬೇಕು. ಬೆರಳ ಸಂದಿಯಲ್ಲಿ ಇಣುಕುವುದು ಸಾಮಾನ್ಯ. ನಡುವಿನ ದೃಷ್ಟಿ ಹೋದವರು ತಲೆ ಓರೆ ಮಾಡಿ ಓದಲಿ, ತಡೆಯಬಾರದು. "ಕಾಣಿಸಲ್ಲ" ಎಂದರೆ ಊಹಿಸಿ ಹೇಳಲು ಒತ್ತಾಯಿಸುತ್ತೇನೆ. 20ಕ್ಕಿಂತ ಕಡಿಮೆ ಓದಿದರೆ 1 ಮೀಟರ್‌ಗೆ ಬಂದು, ಕನ್ನಡಕಕ್ಕೆ +0.75 ಸೇರಿಸಿ ಮತ್ತೆ ಓದಿಸಬೇಕು. ಈ +0.75 ಮರೆತುಹೋಗುವುದೇ ಹೆಚ್ಚು.

ಕ್ರಮ ತಪ್ಪಬಾರದು: ಮೊದಲು ಅಕ್ಷರ, ಆಮೇಲೆ ಒತ್ತಡ ನೋಡುವ ಹನಿ, ಪಾಪೆ ಅಗಲಿಸುವುದು, ಫೋಟೊ. ಫ್ಲಾಶ್ ಬಿದ್ದ ಕಣ್ಣು ಸ್ವಲ್ಪ ಹೊತ್ತು ಸರಿಯಾಗಿ ಓದುವುದಿಲ್ಲ. ಯಾರಿಗೆ ನಿಜವಾದ ಬೆಳಕು, ಯಾರಿಗೆ ತೋರಿಕೆಯದು ಎಂಬುದು ಅಕ್ಷರ ಎಣಿಸುವವರಿಗೆ ತಿಳಿಯಲೇಬಾರದು. ತಿಳಿದರೆ "ಇನ್ನೊಮ್ಮೆ ನೋಡಿ" ಅನ್ನುವ ಧ್ವನಿಯೇ ಬದಲಾಗುತ್ತದೆ. ಪೊರೆಯ ದರ್ಜೆಯನ್ನೂ ಪ್ರತಿ ಸಲ ಬರೆದಿಡುತ್ತೇನೆ. ಪೊರೆ ದಪ್ಪವಾಗಿ ಅಕ್ಷರ ಕಳೆದರೆ ಅದು ಚಿಕಿತ್ಸೆಯ ತಪ್ಪಲ್ಲ.

ಅಕ್ಷಿಪಟದಲ್ಲಿ ಸತ್ತ ಜಾಗ ಬೆಳೆದದ್ದನ್ನು ಅಳೆಯುವಾಗ ವಿಸ್ತೀರ್ಣದ ವರ್ಗಮೂಲ ಹೋಲಿಸಬೇಕು, ಏಕೆಂದರೆ ದೊಡ್ಡ ಕಲೆಯ ವಿಸ್ತೀರ್ಣ ಹೇಗಿದ್ದರೂ ಬೇಗ ಹೆಚ್ಚುತ್ತದೆ. ಅಕ್ಷಿಪಟದ ಪದರ ತೋರಿಸುವ ಒಸಿಟಿ ಸ್ಕ್ಯಾನ್ ಹಿಂದಿನ ಸಲದ ಜಾಗದಲ್ಲೇ ಬೀಳುವಂತೆ ಫಾಲೋ-ಅಪ್ ಮೋಡ್ ಹಾಕಿರಿ. ಅದರಲ್ಲಿ ಹೊಸದಾಗಿ ನೀರು ಕಂಡರೆ, ಇಲ್ಲವೇ ರೋಗಿಯು ನೆಟ್ಟಗಿನ ಗೆರೆ ಸೊಟ್ಟ ಕಾಣುತ್ತಿದೆ ಎಂದರೆ, ಒದ್ದೆ ಬಗೆಗೆ ತಿರುಗಿದೆಯೇ ಎಂದು ಅಂದೇ ಖಚಿತಪಡಿಸಿಕೊಳ್ಳಬೇಕು. ತಿರುಗಿದ್ದರೆ ಪರೀಕ್ಷೆಯ ಲೆಕ್ಕ ಬದಿಗಿಟ್ಟು ತಡಮಾಡದೆ ಚುಚ್ಚುಮದ್ದು.