ಜಾತ್ರೆಗೆ ಬಟ್ಟೆ ಮಾಲು ತರ್ಸೋದು ಹೇಗೆ, ಒಂದು ಶಿರಸಿ ಅಂಗಡಿ ಲೆಕ್ಕ
ಮಾರಿಕಾಂಬಾ ಜಾತ್ರೆ ಬರೋದೇ 2 ವರ್ಷಕ್ಕೊಂದ್ಸಲ, ಆವಾಗ ಅಂಗಡೀಲಿ ಮಾಲಿಲ್ಲ ಅಂದ್ರೆ ಗಿರಾಕಿ ಪಕ್ಕದಂಗಡಿಗೆ ಹೋಗ್ತಾರೆ, ಮತ್ತೆ ಬರೋದಿಲ್ಲ. ಅದ್ಕೆ ಮೊದ್ಲು ಕ್ಯಾಲೆಂಡರ್ ತಗೊಂಡು ಹಿಂದಿಂದ ಎಣಿಸ್ತಾ ಬನ್ನಿ. ಜಾತ್ರೆಗೆ 15 ದಿನ ಮುಂಚೆ ಮಾಲು ಕಪಾಟಲ್ಲಿ ಇರ್ಬೇಕು, ಬೇಲ್ (ಬಟ್ಟೆ ಗಂಟು) ಬಿಚ್ಚಿ ಎಣಿಸಿ, ಡ್ಯಾಮೇಜ್ ಬದಿಗಿಟ್ಟು ರೇಟ್ ಹಚ್ಚೋಕೆ 3 ದಿನ, ದಾರಿಗೆ 10 ದಿನ ಹಿಡೀರಿ.

ದಾರಿಗೆ ಅಷ್ಟು ಯಾಕೆ ಅಂದ್ರೆ ಮಾರಾಯ್ರೆ, ನಮ್ಮೂರಿಗೆ ರೈಲಿಲ್ಲ. ಸೂರತ್ತಿಂದ ಹುಬ್ಬಳ್ಳಿ ತನಕ ಬೇಲ್ ಸುಮಾರಾಗಿ ಬೇಗನೇ ಬರ್ತದೆ, ಆಮೇಲಿನ 100 ಕಿಲೋಮೀಟರ್‌ಗೇ ಕಷ್ಟ, ಶಿರಸಿ ಗಾಡಿ ಲೋಡ್ ತುಂಬೋ ತನಕ ಗೋಡೌನಲ್ಲಿ ಕೂತಿರ್ತದೆ. ಎಲ್‌ಆರ್, ಅಂದ್ರೆ ಲಾರಿಯವ್ರು ಕೊಡೋ ರಸೀದಿ, ಅದರ ಫೋಟೋ ವಾಟ್ಸಾಪಲ್ಲಿ ತರಿಸ್ಕೊಳ್ಳಿ, ಹುಬ್ಬಳ್ಳಿಗೆ ಬಂದಿದ್ದು ಗೊತ್ತಾದ್ರೆ ನಾನಂತೂ ಗೂಡ್ಸ್ ಆಟೋ ಮಾಡ್ಕೊಂಡು ನಾನೇ ಹೋಗ್ತೇನೆ. 50,000 ರೂಪಾಯಿ ದಾಟಿದ ಮಾಲಿಗೆ ಇ-ವೇ ಬಿಲ್ (ಮಾಲು ಸಾಗಿಸೋಕೆ ಬೇಕಾದ ಜಿಎಸ್‌ಟಿ ಚೀಟಿ) ಬೇಕು, ಅದರ ಅವಧಿ 200 ಕಿಲೋಮೀಟರ್‌ಗೆ ಒಂದು ದಿನದ ಲೆಕ್ಕ, ತಾರೀಖು ನೋಡ್ಕೊಳ್ಳಿ.

ದುಡ್ಡು ಹಾಕೋದ್ರಲ್ಲೇ ಎಲ್ರೂ ಎಡವೋದು. ಇಳಕಲ್ ಕೈಮಗ್ಗದ ಸೀರೆ ತಗೊಳ್ಳಿ, ಸೆರಗಿನ ನೂಲನ್ನ ಮೈ ನೂಲಿಗೆ ಕೊಂಡಿ ಹಾಕಿ ಜೋಡಿಸಿ ನೇಯ್ತಾರೆ, ನಿಧಾನದ ಕೆಲಸ, ಜಾತ್ರೆ ಮಧ್ಯ ಫೋನ್ ಮಾಡಿ ಇನ್ನೊಂದಿಪ್ಪತ್ತು ಕಳ್ಸಿ ಅಂದ್ರೆ ಎಲ್ಲಿಂದ ಬರ್ಬೇಕು? ಇಂಥದ್ದನ್ನ ತಿಂಗಳುಗಟ್ಲೆ ಮುಂಚೆ ಪೂರ್ತಿ ಹೇಳಿಬಿಡಿ. ಸೂರತ್ತಿನ ಪ್ರಿಂಟ್ ಸೀರೆ ರೆಡಿ ಸ್ಟಾಕ್ ಇರೋದು, ಅದಕ್ಕೆ ಮೊದ್ಲು ಅರ್ಧ ದುಡ್ಡೇ ಹಾಕಿ, ಉಳಿದರ್ಧ ಕೈಯಲ್ಲಿರ್ಲಿ. ಮಾಲು ಕಪಾಟಿಗೆ ಬಂದ ಮೊದಲ ವಾರ ಯಾವ ಬಣ್ಣ ಓಡ್ತದೆ ನೋಡ್ಕೊಂಡು ಆಮೇಲೆ ಅದನ್ನೇ ತರ್ಸಿ.

ತಿರುಪ್ಪೂರಿನ ಟೀ ಶರ್ಟ್ ಸೆಟ್ ಲೆಕ್ಕದಲ್ಲಿ ಕೊಡ್ತಾರೆ, ಎಲ್ಲಾ ಸೈಜೂ ಸಮ ಸಮ. ನಮ್ಮಲ್ಲಿ ಎಮ್ಮು, ಎಲ್ಲು ಖಾಲಿಯಾಗಿ ಎಸ್ಸು ಬಿದ್ದಿರ್ತದೆ. ಪುಸ್ತಕದಲ್ಲಿ ಸೈಜ್ ಪ್ರಕಾರ ಬರ್ದಿಟ್ಟು, 1:2:2:1, ಅಂದ್ರೆ ಎಸ್ಸು ಒಂದು, ಎಮ್ಮು ಎರಡು, ಎಲ್ಲು ಎರಡು, ಎಕ್ಸೆಲ್ಲು ಒಂದು, ಹೀಗೆ ಕೊಡ್ತೀರಾ ಕೇಳಿ, ಕೆಲವ್ರು ಕೊಡ್ತಾರೆ.

ಮಳೆಗಾಲಕ್ಕೆ ಜಾಸ್ತಿ ಸ್ಟಾಕ್ ಬೇಡ, ನೆಲದ ಮೇಲಂತೂ ಬೇಲ್ ಇಡ್ಬೇಡಿ, ಬೂಸ್ಟು ಹಿಡೀತದೆ.

ಉಳಿದ ಮಾಲು ವಾಪಸ್ ತಗೋತೀರಾ ಅಂತ ಆರ್ಡರ್ ಹಾಕೋ ಮುಂಚೇನೇ ಕೇಳಿ ಬಿಲ್ ಮೇಲೆ ಬರೆಸ್ಕೊಳ್ಳಿ. ಫೋನಲ್ಲಿ ಆಯ್ತು ಸಾರ್ ಅಂದವ್ರು ಜಾತ್ರೆ ಮುಗಿದ್ಮೇಲೆ ಫೋನೇ ಎತ್ತೋದಿಲ್ಲ, ನಂದೊಂದು ಬೇಲ್ ಪ್ಯಾಂಟು ಇನ್ನೂ ಅಟ್ಟದ ಮೇಲೇ ಅದೆ.