ಮರದ ಗೂಡ್ಸ್ ಡಬ್ಬಿ: ಮೊದಲು ತಳ, ಆಮೇಲೆ ಗೋಡೆ

ಹಳೇ ಅಮೆರಿಕನ್ ಗೂಡ್ಸ್ ರೈಲಿನ ಫೋಟೊ ಸಿಕ್ಕರೆ ಡಬ್ಬಿಯ ಕೆಳಗೆ ನೋಡಿ. ಉದ್ದಕ್ಕೂ ನಾಲ್ಕಾರು ಕಬ್ಬಿಣದ ಸರಳು ಕಾಣುತ್ತವೆ. 1890ರ ಸುಮಾರಿನ ಡಬ್ಬಿಯ ತಳವೆಲ್ಲ ಮರದ ತೊಲೆ. ಭಾರ ಹೊತ್ತು ಹೊತ್ತು ಆ ತೊಲೆ ನಡುವೆ ಜಗ್ಗುತ್ತಿತ್ತು. ಅದನ್ನು ಮೇಲಕ್ಕೆ ಎತ್ತಿ ಹಿಡಿಯಲು ಈ ಸರಳು, ಸರಳನ್ನು ಬಿಗಿ ಮಾಡಲು ಮಧ್ಯದಲ್ಲಿ ಟರ್ನ್‌ಬಕಲ್ ಎಂಬ ತಿರುಪು. ಬಿಲ್ಲಿಗೆ ಹೆದೆ ಬಿಗಿದ ಹಾಗೆ. ಇಂಥ ಡಬ್ಬಿಯ ಪುಟ್ಟ ಮಾದರಿ ಮಾಡುವಾಗ ಹೆಚ್ಚಿನವರು ಗೋಡೆಯಿಂದ ಶುರು ಮಾಡುತ್ತಾರೆ. ನಾನು ತಳದಿಂದಲೇ ಶುರು ಮಾಡಿ ಎನ್ನುತ್ತೇನೆ.

ನಾವು ಮಾಡುವುದು 36 ಅಡಿಯ ಬಾಕ್ಸ್‌ಕಾರ್, ಅಂದರೆ ಚಾವಣಿ ಇರುವ ಮುಚ್ಚಿದ ಡಬ್ಬಿ, ಎಚ್‌ಒ ಎಂಬ ಮಾದರಿ ರೈಲಿನ ಅಳತೆಯಲ್ಲಿ. ಈ ಅಳತೆ ನಿಜವಾದ ಡಬ್ಬಿಯ 87ನೇ ಒಂದು ಭಾಗ, ಒಂದು ಅಡಿಗೆ 3.5 ಮಿ.ಮೀ. ಉದ್ದ 126 ಮಿ.ಮೀ., ಅಗಲ 30, ಪಕ್ಕದ ಗೋಡೆಯ ಎತ್ತರ 28. ಇದೆಲ್ಲ ಹೊರ ಅಳತೆ. ನೆಲದ ಹಲಗೆ ಕತ್ತರಿಸುವಾಗ ಗೋಡೆಯ ದಪ್ಪ ಎರಡೂ ಕಡೆ ಕಳೆಯಬೇಕು, ಮರೆಯಬೇಡಿ.

ಇನ್ನೊಂದು ಮಾತು. ಡಬ್ಬಿ ಯಾವ ವರ್ಷದ್ದು ಅಂತ ಮೊದಲೇ ತೀರ್ಮಾನಿಸಿ. 1893ರಲ್ಲಿ ಅಮೆರಿಕದಲ್ಲಿ ಒಂದು ಕಾನೂನು ಬಂತು. ತಾನಾಗಿ ಕೊಂಡಿ ಬೀಳುವ ಕಪ್ಲರ್, ಗಾಳಿಯ ಒತ್ತಡದಿಂದ ಹಿಡಿಯುವ ಏರ್ ಬ್ರೇಕ್, ಕೈಹಿಡಿಗಳು ಕಡ್ಡಾಯವಾದವು. ಅದು ಪೂರ್ತಿ ಜಾರಿಯಾದದ್ದು 1900ರಲ್ಲಿ. ನಿಮ್ಮ ಡಬ್ಬಿ 1905ರದ್ದಾದರೆ ತಳದಲ್ಲಿ ಆ ಏರ್ ಬ್ರೇಕಿನ ಸಿಲಿಂಡರ್ ಇರಲಿ.

ನೆಲಕ್ಕೆ 1.5 ಮಿ.ಮೀ. ದಪ್ಪದ ಸ್ಟೈರೀನ್ ಎಂಬ ಪ್ಲಾಸ್ಟಿಕ್ ಹಾಳೆ ಸಾಕು. ಚಾಕುವಿನಿಂದ ಎರಡು ಸಲ ಗೀರಿ ಮಡಚಿದರೆ ನೀಟಾಗಿ ಮುರಿಯುತ್ತದೆ. ಮೂಲೆಮಟ್ಟ ಇಟ್ಟು ನೋಡಿ, ಉಪ್ಪುಕಾಗದದಲ್ಲಿ ಉಜ್ಜಿ. ಕೆಳಗೆ ಉದ್ದಕ್ಕೆ ಆರು ಪಟ್ಟಿ ಅಂಟಿಸಿದರೆ ಅವೇ ತೊಲೆಗಳು. ಅಡ್ಡಕ್ಕೆ ನಡುಭಾಗದಲ್ಲಿ ಎರಡು ತೊಲೆ, ಅವುಗಳ ಕೆಳಗೆ ಸರಳು ಕೂರುವ ಪುಟ್ಟ ಗೂಟಗಳು.

ಈಗ ಸರಳು, ನಾಲ್ಕು ಬೇಕು. ಮೀನು ಗಾಳದ ನೈಲಾನ್ ದಾರ ತನ್ನಿ, 0.3 ಮಿ.ಮೀ. ದಪ್ಪದ್ದು. ಈ ಅಳತೆಯಲ್ಲಿ ಅದು ಸುಮಾರು ಒಂದು ಇಂಚಿನ ಸರಳಾಗುತ್ತದೆ. ಟರ್ನ್‌ಬಕಲ್‌ಗೆ ತೆಳು ವೈರಿನಿಂದ ಸುಲಿದ ಪ್ಲಾಸ್ಟಿಕ್ ಸಿಪ್ಪೆಯನ್ನು 4 ಮಿ.ಮೀ. ತುಂಡು ಮಾಡಿ, ಮೊದಲೇ ದಾರಕ್ಕೆ ಪೋಣಿಸಿಕೊಳ್ಳಿ, ಆಮೇಲೆ ಪೋಣಿಸಲು ಆಗುವುದಿಲ್ಲ. ಎರಡೂ ತುದಿಯ ಹತ್ತಿರ ನೆಲಕ್ಕೆ ತೂತು ಕೊರೆದು ದಾರವನ್ನು ಮೇಲಕ್ಕೆ ಎಳೆಯಿರಿ, ಬಟ್ಟೆ ಕ್ಲಿಪ್ ಹಾಕಿ ಹಿಡಿಸಿ, ಒಂದು ಹನಿ ಫೆವಿಕ್ವಿಕ್ ಬಿಡಿ. ದಾರ ನೆಟ್ಟಗಾದರೆ ಸಾಕು. ಜಾಸ್ತಿ ಎಳೆದರೆ ನೆಲವೇ ಬೆನ್ನು ಬಾಗಿಸುತ್ತದೆ. ನಾಲ್ಕೂ ದಾರ ಒಂದೇ ಸಮ ಇವೆಯಾ ಅಂತ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ.

ಗೋಡೆಗೆ 1 ಮಿ.ಮೀ. ಅಂತರದ ಗೆರೆ ಇರುವ ಹಾಳೆ ಸಿಗುತ್ತದೆ. ಆಗಿನ ಹಲಗೆ ಮೂರೂಕಾಲು ಇಂಚು ಕಾಣುತ್ತಿತ್ತು, ಹೆಚ್ಚುಕಡಿಮೆ ಅದೇ ಲೆಕ್ಕ. ಬಾಗಿಲು 5 ಅಡಿ, ಅಂದರೆ 17.5 ಮಿ.ಮೀ. ಮೂಲೆಗಳ ಒಳಗೆ ಚೌಕದ ಕಡ್ಡಿ ಕೊಡಿ. ಚಾವಣಿ ಮುಚ್ಚುವ ಮೊದಲು ನೆಲದಲ್ಲಿ ಒಂದು ದೊಡ್ಡ ತೂತು ಇರಲೇಬೇಕು. ನನ್ನ ಮೊದಲ ಡಬ್ಬಿಯನ್ನು ನಾನು ಪೂರ್ತಿ ಮುಚ್ಚಿಬಿಟ್ಟಿದ್ದೆ. ಅಂಟಿನ ಆವಿ ಒಳಗೇ ಉಳಿದು, ನಾಲ್ಕು ತಿಂಗಳಲ್ಲಿ ಎರಡೂ ಗೋಡೆ ಒಳಕ್ಕೆ ಬಾಗಿದವು. ಬಣ್ಣ, ಅಕ್ಷರ ಎಲ್ಲ ಮುಗಿದಿತ್ತು. ತುಂಬಾ ಬೇಜಾರಾಯಿತು.

ಮುಚ್ಚುವ ಮೊದಲೇ ಭಾರವನ್ನೂ ಹಾಕಿ. ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಲೆಕ್ಕದಲ್ಲಿ ಒಂದು ಔನ್ಸ್, ಜೊತೆಗೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ಐದು ಇಂಚಿನ ಈ ಡಬ್ಬಿ ಒಟ್ಟು ಸುಮಾರು 100 ಗ್ರಾಂ ತೂಗಬೇಕು. ಕಬ್ಬಿಣದ ನಟ್ಟುಗಳನ್ನು ನಡುವೆ ಅಂಟಿಸಿದರೆ ಆಯಿತು.

ಚಾವಣಿಯ ನೆತ್ತಿಯ ಮೇಲೆ ಉದ್ದಕ್ಕೆ ಮೂರು ಹಲಗೆಯ ಕಾಲುದಾರಿ. ಏರ್ ಬ್ರೇಕ್ ಇಲ್ಲದ ಕಾಲದಲ್ಲಿ ಬ್ರೇಕ್‌ಮ್ಯಾನ್ ಓಡುವ ರೈಲಿನ ಮೇಲೆ, ಮಳೆ ಹಿಮ ಅನ್ನದೆ, ಇದರ ಮೇಲೇ ನಡೆದು ಡಬ್ಬಿಯಿಂದ ಡಬ್ಬಿಗೆ ದಾಟಿ ಬ್ರೇಕಿನ ಚಕ್ರ ತಿರುಗಿಸುತ್ತಿದ್ದ. ಎಷ್ಟೋ ಜನ ಬಿದ್ದು ಸತ್ತರು. ಹಾಗಾಗಿ ಈ ಹಲಗೆಯನ್ನೂ ಕೈಹಿಡಿಗಳನ್ನೂ ಸುಮ್ನೆ ಅಂಟಿಸಬೇಡಿ, ಮನುಷ್ಯ ಹತ್ತಬಹುದಾದ ಜಾಗದಲ್ಲೇ ಇಡಿ. ಕೈಹಿಡಿಗೆ 0.3 ಮಿ.ಮೀ. ಹಿತ್ತಾಳೆ ತಂತಿ ಸರಿ.

ಚಕ್ರದ ಗಾಡಿ ಕೊಂಡುಕೊಳ್ಳಿ. ನಾವು ಇಡೀ ಡಬ್ಬಿಗೇ ಬೋಗಿ ಅಂತೀವಲ್ಲ, ರೈಲ್ವೆಯವರ ಭಾಷೆಯಲ್ಲಿ ಬೋಗಿ ಅಂದರೆ ಈ ಗಾಡಿಯೇ. ಅಮೆರಿಕದಲ್ಲಿ ಟ್ರಕ್ ಅನ್ನುತ್ತಾರೆ. ಆರ್ಚ್‌ಬಾರ್ ಟ್ರಕ್ ಕೇಳಿ. ತುದಿಯಿಂದ 17.5 ಮಿ.ಮೀ. ಒಳಗೆ ಸ್ಕ್ರೂ ಹಾಕಿ, ಚಕ್ರ ಸರಳಿಗೆ ಉಜ್ಜುತ್ತದಾ ನೋಡಿ.

ಬಣ್ಣ ನಮ್ಮ ಕಾರಣೆಯ ಕೆಮ್ಮಣ್ಣಿನದೇ. ಅದೂ ಕಬ್ಬಿಣದ ಆಕ್ಸೈಡ್, ಇದೂ ಅದೇ. ತೆಳ್ಳಗೆ ಎರಡು ಕೋಟ್, ಮೇಲೆ ಬಿಳಿ ಅಕ್ಷರ.

ಕೊನೆಗೆ ಹಳಿ ಮೇಲಿಡಿ. ಒಂದು ಟ್ರಕ್ಕಿನ ಸ್ಕ್ರೂ ಬಿಗಿಯಾಗಿರಲಿ, ಅದು ಬರೀ ತಿರುಗಬೇಕು. ಇನ್ನೊಂದರದ್ದು ಅರ್ಧ ಸುತ್ತು ಸಡಿಲ ಇರಲಿ, ಅದು ಅಕ್ಕಪಕ್ಕ ವಾಲಬೇಕು. ಆಗ ಹಳಿ ಸ್ವಲ್ಪ ಏರುಪೇರಾದರೂ ಎಂಟೂ ಚಕ್ರ ಹಳಿ ಬಿಡುವುದಿಲ್ಲ.